ಖಾಲಿ ಕುರ್ಚಿಯ ಒಪ್ಪಿಗೆ

ಲಾಂಡ್ರಿಯ ಮಹಡಿ,
ಫೆಬ್ರವರಿ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ತಲೆನೋವು ಈಗಲೂ ಎಡಗಣ್ಣಿನ ಹಿಂದೆಯೇ ಶುರುವಾಗುತ್ತದಾ, ಇಲ್ಲ ಊರು ಬದಲಾದ ಮೇಲೆ ಅದೂ ಜಾಗ ಬದಲಾಯಿಸಿತಾ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ನಿನ್ನ ಗೆಳತಿ ಅಂಗಡಿಯಲ್ಲಿ ಸಿಕ್ಕಿದ್ದಳು. ನಿನ್ನ ಕೋಣೆಗೆ ಬೆಳಗಿನ ಬಿಸಿಲು ಬೀಳುತ್ತದೆ, ನೀನು ತೆಳ್ಳಗಾಗಿದ್ದೀಯ, ಆದರೆ ಮೊದಲಿಗಿಂತ ಜಾಸ್ತಿ ನಗುತ್ತೀಯ ಎಂದಳು. ಕೊನೆಯ ಮಾತು ಕೇಳಿ ಸಮಾಧಾನವಾಯಿತು. ಈ ವಿಳಾಸ ಕೊಟ್ಟವಳೂ ಅವಳೇ, ಅವಳ ಮೇಲೆ ಸಿಟ್ಟಾಗಬೇಡ. ಮನೆಯ ಯಾವ ನಂಬರಿನಿಂದ ಫೋನು ಬಂದರೂ ನೀನು ಎತ್ತುವುದಿಲ್ಲ. ಎತ್ತಿದ್ದರೂ ನಾನೇನು ಹೇಳುತ್ತಿದ್ದೆ! ‘ಫೋನ್ ಹಿಡಿದ್ರೆ ಇವಳ ಬಾಯಲ್ಲಿ ಹ್ಞೂ ಒಂದು ಬಿಟ್ರೆ ಬೇರೆ ಅಕ್ಷರವೇ ಇಲ್ಲ’ ಎಂದು ಅಣಕಿಸುತ್ತಿದ್ದವಳು ನೀನೇ. ಈಗ ನೋಡು, ಕಾಗದ ಸಿಕ್ಕಿದರೆ ನನ್ನನ್ನು ತಡೆಯುವವರಿಲ್ಲ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಮೊದಲ ಸಾಲು ಬರೆದಿದ್ದೆ. ಆ ಹಾಳೆಯನ್ನು ಹರಿದು ಹಾಕಿ ಇದನ್ನು ತೆಗೆದುಕೊಂಡಿದ್ದೇನೆ. ಮಂಗಳವಾರ ಚಹಾದ ಹೊತ್ತಿಗೆ ಸ್ವಲ್ಪ ಮುಂಚೆ, ಇಸ್ತ್ರಿಯ ದೊಡ್ಡ ರೋಲರಿಗೆ ಶೀಟು ಕೊಡುತ್ತಿದ್ದ ನಮ್ಮ ಇಸ್ತ್ರಿಯತ್ತೆಯ ಬಲಗೈ ಅದರೊಳಗೆ ಸಿಕ್ಕಿತು. ಆಸ್ಪತ್ರೆಯಲ್ಲಿ ಮಣಿಕಟ್ಟಿನ ಮೇಲಿನಿಂದ ಕತ್ತರಿಸಿ ತೆಗೆದುಬಿಟ್ಟಿದ್ದಾರೆ. ಜೀವಕ್ಕೆ ಅಪಾಯವಿಲ್ಲ. ಈ ಮೂರು ವಾಕ್ಯಗಳನ್ನು ಹೇಗೆ ಬರೆದರೂ ಕಡಿಮೆ ಮಾಡಲು ಆಗಲಿಲ್ಲ, ಅದಕ್ಕೇ ಹಾಗೇ ಇಟ್ಟಿದ್ದೇನೆ. ನೀನು ಕುಳಿತುಕೊಂಡು ಓದುತ್ತಿದ್ದೀಯ ಎಂದುಕೊಳ್ಳುತ್ತೇನೆ.

ನಾನು ಆಗ ಆಫೀಸಿನಲ್ಲಿ ಹೋಟೆಲಿಗೆ ಕ್ಷಮಾಪಣೆ ಪತ್ರ ಬರೆಯುತ್ತಿದ್ದೆ. ದಿಂಬಿನ ಗವಸುಗಳು ಹಳದಿಯಾಗಿವೆ ಎಂಬ ದೂರು. ನೀನು ಹೋದ ಮೇಲೆ ನನ್ನ ಕೆಲಸ ಇದೇ. ಸಾಹಿತ್ಯ ಓದಿದವಳು ನಯವಾಗಿ ತಪ್ಪೊಪ್ಪಿಕೊಳ್ಳುತ್ತಾಳೆ ಎಂದು ಚಿಕ್ಕಪ್ಪನಿಗೆ ನಂಬಿಕೆ. ಕೆಳಗಿನಿಂದ ಕೂಗು ಕೇಳಿದ್ದು ನನಗೆ ನೆನಪಿಲ್ಲ. ನೆನಪಿರುವುದು ರೋಲರಿನ ಸದ್ದು ನಿಂತದ್ದು. ಈ ಮನೆಯಲ್ಲಿ ಹುಟ್ಟಿದವರಿಗೆ ಆ ಸದ್ದು ಕೇಳುವುದೇ ಇಲ್ಲ, ನಿಂತಾಗ ಮಾತ್ರ ಕೇಳುತ್ತದೆ. ನಾನು ಇಳಿದು ಹೋದಾಗ ಅವಳನ್ನು ಆಗಲೇ ಬಿಡಿಸಿ ಒದ್ದೆ ಟವೆಲುಗಳ ರಾಶಿಯ ಮೇಲೆ ಒರಗಿಸಿದ್ದರು. ಅಪ್ಪ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ತೊಳೆಯುವ ಯಂತ್ರಗಳನ್ನು ನಿಲ್ಲಿಸಲು ಯಾರಿಗೂ ಹೊಳೆಯಲಿಲ್ಲ, ಅವು ತಮ್ಮ ಪಾಡಿಗೆ ತಿರುಗುತ್ತಲೇ ಇದ್ದವು.

ನೀನು ಮೊದಲು ಕೇಳುವ ಪ್ರಶ್ನೆ ನನಗೆ ಗೊತ್ತು. ಕೈ ತಗುಲಿದರೆ ಯಂತ್ರ ನಿಲ್ಲಿಸುವ ತಡೆಪಟ್ಟಿ ಎಲ್ಲಿತ್ತು? ಇತ್ತು, ಅಕ್ಕಾ. ನೀನು ಹಾಕಿಸಿದ ಜಾಗದಲ್ಲೇ, ರೋಲರಿನ ಬಾಯಿಯ ಮುಂದೆ ಇತ್ತು. ಕಳೆದ ನವೆಂಬರಿನಿಂದ ಅದನ್ನು ಹರಿದ ಬೆಡ್‌ಶೀಟಿನ ಚೂರಿನಿಂದ ಮೇಲಕ್ಕೆ ಎತ್ತಿ ಕಟ್ಟಿದ್ದರು. ಹೋಟೆಲಿನ ದಪ್ಪ ಶೀಟುಗಳು ಬರಲು ಶುರುವಾದ ಮೇಲೆ ಒಂದು ಮಡಿಕೆ ಉಬ್ಬಿ ಪಟ್ಟಿಗೆ ತಗುಲಿದರೂ ಸಾಕು, ಯಂತ್ರ ಟಕ್ಕೆಂದು ನಿಲ್ಲುತ್ತಿತ್ತು. ನಿಂತರೆ ಒಳಗೆ ಸಿಕ್ಕ ಬಟ್ಟೆ ಕಂದುತ್ತಿತ್ತು. ‘ಬೆರಳು ತಾಗಿದ್ರೆ ನಿಲ್ಲೋದು ಕಾವಲು, ಗಾಳಿ ತಾಗಿದ್ರೂ ನಿಲ್ಲೋದು ಕಿರಿಕಿರಿ’ ಎಂದು ಚಿಕ್ಕಪ್ಪ ದಿನವೂ ಗೊಣಗುತ್ತಿದ್ದರು. ಕೊನೆಗೆ ಒಂದು ಶನಿವಾರ ಮಹಡಿಯ ಮೇಜಿನಲ್ಲಿ ಮಾತು ಎತ್ತಿದರು.

ಮೇಜಿನ ಕಟ್ಟಳೆಗಳು ನಿನಗೆ ಗೊತ್ತಿರುವಂಥವೇ. ಆದರೂ ಬರೆಯುತ್ತೇನೆ, ಬರೆದರೆ ಮಾತ್ರ ನನಗೆ ಅರ್ಥವಾಗುತ್ತದೆ. ಶನಿವಾರ ಕೊನೆಯ ಲೋಡು ಮುಗಿದ ಮೇಲೆ ಕುರ್ಚಿ ಇದ್ದವರೆಲ್ಲ ಮೇಲೆ ಸೇರಬೇಕು. ಕೈ ಎತ್ತಿಸಿ ಎಣಿಸುವಂತಿಲ್ಲ. ತಾತ ತನ್ನ ಅಣ್ಣನ ಜೊತೆ ಮಾಡಿದ್ದ ಮೊದಲ ಅಂಗಡಿ ಎಣಿಸಿ ಎಣಿಸಿಯೇ ಎರಡು ಹೋಳಾಯಿತಂತೆ, ಅದಕ್ಕೇ ‘ಈ ಮನೇಲಿ ಎಣಿಕೆ ಬೇಡ’ ಎಂದುಬಿಟ್ಟರು. ಯಾರಾದರೂ ಒಬ್ಬರು ಆ ಕೋಣೆಯಲ್ಲಿ ನಿಂತು ಬಾಯಿಬಿಟ್ಟು ‘ಬೇಡ’ ಅಂದರೆ ಆ ಕೆಲಸ ಅಲ್ಲಿಗೆ ನಿಂತಿತು. ಯಾರೂ ಅನ್ನದಿದ್ದರೆ ಎಲ್ಲರೂ ಒಪ್ಪಿದಂತೆ. ಸುಮ್ಮನಿದ್ದವರು ಒಪ್ಪಿದವರು, ಬಾರದವರೂ ಒಪ್ಪಿದವರು. ಭಾರದ ವಿಷಯವಾದರೆ ಎರಡು ಶನಿವಾರ ಕೇಳಬೇಕು, ಮೊದಲನೆಯದರಲ್ಲಿ ಹೇಳುವುದು, ಎರಡನೆಯದರಲ್ಲಿ ಮುಗಿಸುವುದು. ಆಮೇಲೆ ಹಿರಿಯವನು ಮೆಟ್ಟಿಲ ಮೇಲೆ ನಿಂತು ಕೆಳಗಿನವರಿಗೆ ಒಬ್ಬೊಬ್ಬರ ಹೆಸರು ಹಿಡಿದು ಸಾರಬೇಕು: ನಾನು ಒಪ್ಪಿದ್ದೇನೆ, ತಮ್ಮ ಒಪ್ಪಿದ್ದಾನೆ, ತಂಗಿ ಒಪ್ಪಿದ್ದಾಳೆ, ದೊಡ್ಡ ಮಗಳು ಒಪ್ಪಿದ್ದಾಳೆ. ಮನೆಯೊಳಗೆ ಬಿರುಕಿದೆ ಎಂದು ಕೆಲಸದವರಿಗೆ ಅನ್ನಿಸಬಾರದು ಎಂದು ತಾತ ಮಾಡಿದ್ದು ಅದು. ಅಪ್ಪ ಅದನ್ನು ಒಂದು ಅಕ್ಷರ ಬಿಡದೆ ಮಾಡುತ್ತಾರೆ. ಗಂಟಲು ಕೆಟ್ಟಿದ್ದಾಗಲೂ ಮೆಟ್ಟಿಲ ಮೇಲೆ ನಿಂತು ಕಿರುಗುಟ್ಟುತ್ತಾರೆ, ಕೆಳಗೆ ಹುಡುಗಿಯರು ಮುಸಿಮುಸಿ ನಗುತ್ತಾರೆ.

ಬಾರದವರು ಒಪ್ಪಿದವರು ಎಂಬ ಮಾತು ಹುಟ್ಟಿದ್ದು ಅಪ್ಪನ ತಂಗಿ, ನಮ್ಮ ಅತ್ತೆಯ ಬಾಣಂತನದಲ್ಲಿ ಎಂದು ಅಮ್ಮ ಹೇಳುತ್ತಿದ್ದರು. ಅತ್ತೆ ಮೇಲೆ ಹತ್ತಲಾಗದ ದಿನಗಳಲ್ಲಿ ಕೆಲಸ ನಿಲ್ಲಬಾರದು, ಅಷ್ಟೇ ಇದ್ದದ್ದು. ಒಬ್ಬರು ಮೂರು ವರ್ಷ ಬರದೇ ಇದ್ದಾರು ಎಂದು ತಾತನಿಗೆ ಎಲ್ಲಿ ಗೊತ್ತಿತ್ತು? ಅವತ್ತು ಮೇಜಿನಲ್ಲಿ, ಯಂತ್ರಗಳನ್ನು ನೋಡಿಕೊಳ್ಳಲು ಹೊರಗಿನ ಇಂಜಿನಿಯರ್ ಒಬ್ಬರು ಇರಲಿ, ಮನೆಯವರನ್ನು ಕೇಳದೆ ಯಂತ್ರ ನಿಲ್ಲಿಸುವ ಅಧಿಕಾರ ಅವರಿಗಿರಲಿ ಎಂದು ನೀನು ಕೇಳಿದೆ. ಚಿಕ್ಕಪ್ಪ ‘ಬೇಡ’ ಅಂದರು. ‘ಯಂತ್ರಕ್ಕೆ ನೆಂಟಸ್ತಿಕೆ ಗೊತ್ತಿಲ್ಲ ಚಿಕ್ಕಪ್ಪಾ’ ಎಂದು ನೀನು ಎದ್ದೆ. ‘ಇನ್ಮೇಲೆ ನನ್ನ ಕುರ್ಚಿ ಖಾಲಿ. ಅದನ್ನ ನೋಡ್ಕೊಂಡು ಕೂತ್ಕೊಳ್ಳಿ’ ಎಂದೆ. ಆ ಮಾತು ನನಗೆ ಬಹಳ ಇಷ್ಟವಾಗಿತ್ತು. ನನ್ನ ಬಾಯಲ್ಲಿ ಹುಟ್ಟುವ ಮಾತಲ್ಲ ಅದು. ಆದರೆ ಅಕ್ಕಾ, ಅವರು ಅದನ್ನು ನೋಡಿಕೊಂಡು ಆರಾಮಾಗಿಯೇ ಕೂತರು. ನೀನು ಖಾಲಿ ಬಿಟ್ಟದ್ದು ಅವರಿಗೆ ಚುಚ್ಚಲೆಂದು. ಇಲ್ಲಿ ಅದು ಪ್ರತಿ ಶನಿವಾರ ತಲೆ ಆಡಿಸುತ್ತಾ ಬಂದಿದೆ. ನಿನ್ನಷ್ಟು ಒಪ್ಪುವವರು ಈ ಮನೆಯಲ್ಲಿ ಇನ್ನೊಬ್ಬರಿಲ್ಲ.

ನವೆಂಬರಿನ ಆ ಶನಿವಾರವೂ ಹಾಗೇ. ಅಪ್ಪ ಒಂದು ಸಲ ‘ಭಾರದ ಮಾತಲ್ವೇನೋ ಇದು?’ ಎಂದು ಕೇಳಿದರು. ಚಿಕ್ಕಪ್ಪ ನಕ್ಕು, ‘ಒಂದು ಚೂರು ಬಟ್ಟೆ ಕಟ್ಟೋದು ಭಾರಾನಾ ಅಣ್ಣಾ? ನಮ್ದು ಬಟ್ಟೇದೇ ವ್ಯಾಪಾರ’ ಎಂದರು. ಅತ್ತೆ ಎಂದಿನಂತೆ ‘ನಂದೇನೂ ಇಲ್ಲಪ್ಪ’ ಅಂದರು. ಒಂದೇ ಶನಿವಾರಕ್ಕೆ ಮುಗಿಯಿತು. ಅಪ್ಪ ಮೆಟ್ಟಿಲಿಗೆ ಹೋಗಿ ಸಾರಿದರು. ನಾನು ಆಗ ಹಲ್ಲುನೋವೆಂದು ಡಾಕ್ಟರ ಬಳಿ ಇದ್ದೆ. ಇದ್ದಿದ್ದರೂ ಗೋಡೆಯ ಪಕ್ಕದ ಸ್ಟೂಲಿನ ಮೇಲೆ ಇರುತ್ತಿದ್ದೆ, ಅಷ್ಟೇ. ಅಮ್ಮ ತನ್ನ ಕುರ್ಚಿಯನ್ನು ಕೊಟ್ಟದ್ದು ನಿನಗೆ. ಕೂತವರು ಕೊಡದೆ ಕುರ್ಚಿ ಬರುವುದಿಲ್ಲ, ಕುರ್ಚಿ ಇಲ್ಲದವರ ‘ಬೇಡ’ ಆ ಕೋಣೆಯಲ್ಲಿ ಕೆಮ್ಮಿದಂತೆ.

ಗುರುವಾರ ಕಾರ್ಮಿಕ ಇಲಾಖೆಯ ಇನ್ಸ್‌ಪೆಕ್ಟರ್ ಬಂದಿದ್ದರು. ಸಣ್ಣಗಿನ, ಮೆಲುದನಿಯ ಮನುಷ್ಯ. ಕಟ್ಟಿದ್ದ ಪಟ್ಟಿಯನ್ನು ಬಹಳ ಹೊತ್ತು ನೋಡಿದರು. ಗಂಟು ಕಪ್ಪಾಗಿ ಗಟ್ಟಿಯಾಗಿತ್ತು, ಹೊಸದಲ್ಲ ಎಂದು ಮಗುವಿಗೂ ತಿಳಿಯುತ್ತಿತ್ತು. ‘ಇದನ್ನ ಯಾರು ಕಟ್ಟಿದ್ದು?’ ಎಂದು ಕೇಳಿದರು. ಅಪ್ಪ ಬಾಯಿ ತೆರೆದರು. ಅಷ್ಟರಲ್ಲಿ ಚಿಕ್ಕಪ್ಪ, ‘ಮನೆಯವ್ರೆಲ್ಲ ಕೂತು ವಿಚಾರಿಸಿ ಹೇಳ್ತೀವಿ ಸಾರ್’ ಎಂದರು. ಹದಿನೇಳನೇ ತಾರೀಕು ಸೋಮವಾರದೊಳಗೆ ಹೇಳಿಕೆ ಕೊಡಿ, ಅಲ್ಲಿಯವರೆಗೆ ಯಂತ್ರ ಮುಟ್ಟಬೇಡಿ ಎಂದು ಹೋದರು. ಹೀಗೆ ನಿನ್ನೆ ಶನಿವಾರ ಮೇಜು ಸೇರಿತು.

ನಿನ್ನೆ ನಾನು ಸ್ಟೂಲಿನ ಮೇಲಿದ್ದೆ. ಚಿಕ್ಕಪ್ಪ ಹೊಸ ಅಂಗಿ ಹಾಕಿಕೊಂಡು ಬಂದಿದ್ದರು. ಕಷ್ಟದ ಮಾತಿದ್ದಾಗ ಅವರು ಚೆನ್ನಾಗಿ ಬಟ್ಟೆ ಹಾಕುತ್ತಾರೆ, ನೀನು ಗಮನಿಸಿದ್ದೀಯಾ? ಅವರು ಹೇಳಿದ್ದು ಹೀಗೆ. ಪಟ್ಟಿಯನ್ನು ಇಸ್ತ್ರಿಯತ್ತೆ ತಾನೇ ಕಟ್ಟಿಕೊಂಡಿದ್ದಳು, ಮನೆಯವರಿಗೆ ತಿಳಿಯದೆ, ಬೇಗ ಕೆಲಸ ಮುಗಿಸುವ ಆಸೆಗೆ. ಇನ್ಸ್‌ಪೆಕ್ಟರಿಗೆ ಹೀಗೆ ಹೇಳಬೇಕು. ಅವಳೂ ಹಾಗೇ ಹೇಳುತ್ತಾಳೆ, ಅವಳನ್ನು ಒಪ್ಪಿಸುವ ಕೆಲಸ ತಮ್ಮದು. ಬದಲಿಗೆ ಅವಳ ಮಗಳನ್ನು ಕೆಲಸಕ್ಕೆ ತೆಗೆದುಕೊಳ್ಳೋಣ, ತಾಯಿ ನಿಲ್ಲುತ್ತಿದ್ದ ಜಾಗದಲ್ಲೇ ನಿಲ್ಲಲಿ. ಇನ್ಸ್‌ಪೆಕ್ಟರ್ ಮತ್ತೆ ಬರುವಾಗ ಪಟ್ಟಿ ಬಿಚ್ಚಿರೋಣ, ಹೋದ ಮೇಲೆ ನೋಡಿಕೊಳ್ಳೋಣ.

‘ನೋಡಿಕೊಳ್ಳೋಣ’ ಎಂದಾಗ ಅವರು ಕೈಯಲ್ಲಿ ಗಂಟು ಹಾಕುವ ಹಾಗೆ ಬೆರಳು ಆಡಿಸಿದರು. ಆ ಮಗಳು ನಿನಗೆ ನೆನಪಿದೆಯಾ? ಎರಡು ಜಡೆ ಹಾಕಿಕೊಂಡು ಶೀಟಿನ ಗಾಡಿಯಲ್ಲಿ ನಮ್ಮ ಜೊತೆ ಕೂರುತ್ತಿದ್ದಳು, ಇಸ್ತ್ರಿಯತ್ತೆ ಮೂವರನ್ನೂ ಒಟ್ಟಿಗೆ ತಳ್ಳಿಕೊಂಡು ಹೋಗುತ್ತಿದ್ದಳು. ಅಮ್ಮ ಹಾಸಿಗೆ ಹಿಡಿದ ವರ್ಷ ನಮ್ಮಿಬ್ಬರ ತಲೆ ಬಾಚಿದ್ದು, ನಿನ್ನ ಜ್ವರಕ್ಕೆ ಒದ್ದೆ ಬಟ್ಟೆ ಹಾಕಿದ್ದು, ನನ್ನನ್ನು ಶಾಲೆಯ ಗೇಟಿನವರೆಗೆ ಬಿಟ್ಟು ‘ಒಳಗೆ ಹೋಗಿ ಒಂದಾದ್ರೂ ಮಾತಾಡು ಕಣೇ, ಬಾಯಿಗೆ ಬೂಷ್ಟು ಬರುತ್ತೆ’ ಎಂದು ಗದರಿದ್ದು ಎಲ್ಲವೂ ಈಗ ಕೈ ಕಳೆದುಕೊಂಡ ಅದೇ ಹೆಂಗಸು. ಆ ಮಗಳಿಗೆ ಈಗ ಇಪ್ಪತ್ತೆರಡು.

ಅಪ್ಪ ‘ಬೇಡ’ ಅನ್ನಲಿಲ್ಲ. ಅಪ್ಪನನ್ನು ಬರೀ ಬಯ್ಯಬೇಡ. ಮಂಗಳವಾರದಿಂದ ಅವರು ಕೆಳಗೆ ಇಳಿದಿಲ್ಲ. ಊಟಕ್ಕೆ ಕೂತರೆ ತಟ್ಟೆಯ ಅಂಚನ್ನು ಸವರುತ್ತಾ ಕೂತಿರುತ್ತಾರೆ. ಒಮ್ಮೆ ನಾನೊಬ್ಬಳೇ ಇದ್ದಾಗ, ‘ಎಲ್ರೂ ಸೇರಿ ಮಾಡಿದ್ದು ಯಾರ ತಪ್ಪೂ ಅಲ್ಲ, ಅಲ್ವಾ ಮಗೂ?’ ಎಂದರು. ಪ್ರಶ್ನೆ ಕೇಳುವ ದನಿಯಲ್ಲೇ ಕೇಳಿದರು. ನಾನು ಉತ್ತರ ಹೇಳುವಷ್ಟರಲ್ಲಿ ಎದ್ದು ಕೈ ತೊಳೆಯಲು ಹೋದರು. ನಿನ್ನೆ ಮೇಜಿನಲ್ಲೂ ಅವರ ಗಂಟಲು ಆಡಿದ್ದನ್ನು ಕಂಡೆ. ಅದನ್ನು ಚಿಕ್ಕಪ್ಪನೂ ಕಂಡಿರಬೇಕು. ತಕ್ಷಣ, ‘ಅಣ್ಣಾ, ನೀನು ಬೇಡ ಅಂದ್ರೆ ನಾನೇನೂ ಅನ್ನಲ್ಲ. ಆದ್ರೆ ನಾಳೆ ಜೈಲಿಗೆ ಹೋಗೋದು ಮೆಟ್ಟಿಲ ಮೇಲೆ ನಿಂತು ಕೂಗಿದವನು, ಜ್ಞಾಪಕ ಇಟ್ಕೋ’ ಎಂದರು, ಪ್ರೀತಿಯಿಂದಲೇ. ಅಪ್ಪನ ಗಂಟಲು ನಿಂತಿತು. ಅತ್ತೆ ಸೆರಗಿನಲ್ಲಿ ಮೂಗು ಒರೆಸಿಕೊಂಡು, ‘ನಂದೇನೂ ಇಲ್ಲಪ್ಪ, ಪಾಪ ಅವಳು’ ಎಂದರು. ಒಂದೇ ಉಸಿರಿನಲ್ಲಿ ಎರಡೂ.

ಆಗ ನಾನು ಮಾತಾಡಿದೆ, ಅಕ್ಕಾ. ಎದ್ದು ನಿಂತು ಅಲ್ಲ, ಕೂತಲ್ಲಿಂದಲೇ. ‘ಬೇಡ’ ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು, ಬೇರೆ ಯಾರೋ ಬಾಗಿಲಲ್ಲಿ ನಿಂತು ಅಂದ ಹಾಗೆ. ಚಿಕ್ಕಪ್ಪ ಸಿಟ್ಟಾಗಲಿಲ್ಲ. ‘ಅಬ್ಬಾ, ಗೊಂಬೆ ಮಾತಾಡ್ತು!’ ಎಂದು ನಕ್ಕು, ಅತ್ತೆಯನ್ನೂ ನಗಿಸಿ, ‘ನಿನಗೆ ಕುರ್ಚಿ ಇಲ್ವಲ್ಲ ಪುಟ್ಟಾ’ ಎಂದರು. ಆಮೇಲೆ ಹೇಳಿಕೆಯನ್ನು ನಾನೇ ಬರೆಯಬೇಕು ಎಂದರು. ಒಳ್ಳೆಯ ಭಾಷೆಯಲ್ಲಿ, ಯಾರಿಗೂ ನೋವಾಗದ ಹಾಗೆ. ನನಗೆ ಒಪ್ಪಿಗೆ ಇಲ್ಲದೆ ಹೇಗೆ ಬರೆಯಲಿ ಎಂದೆ. ‘ಬರೆಯೋಕೆ ಒಪ್ಪಿಗೆ ಯಾಕೆ, ಪೆನ್ನು ಸಾಕು’ ಎಂದರು. ನಾನು ಪೆನ್ನನ್ನು ಮೇಜಿನ ಮೇಲೆ ಇಟ್ಟು ಕೆಳಗೆ ಬಂದೆ. ಅದೇನು ದೊಡ್ಡ ಸಾಹಸವಲ್ಲ. ವಕೀಲರ ಗುಮಾಸ್ತ ಅದನ್ನು ಅರ್ಧ ಗಂಟೆಯಲ್ಲಿ ಬರೆದುಕೊಡುತ್ತಾನೆ. ಭಾರದ ಮಾತೆಂದು ಅಪ್ಪ ಹಟ ಹಿಡಿದದ್ದರಿಂದ ಇನ್ನೊಂದು ಶನಿವಾರ ಉಳಿದಿದೆ. ಅವರಿಂದಾದದ್ದು ಅಷ್ಟು. ಹದಿನೈದಕ್ಕೆ ಮತ್ತೆ ಕೇಳುತ್ತಾರೆ, ಅಂದೇ ಮುಗಿಯುತ್ತದೆ. ಕುರ್ಚಿ ಇರುವ ಮೂವರು ಸುಮ್ಮನಿರುತ್ತಾರೆ, ನಾಲ್ಕನೆಯದು ಖಾಲಿ ಇರುತ್ತದೆ. ಕೆಳಗೆ ಹೆಂಗಸರು ತಲೆ ಎತ್ತಿ ನಿಂತಿರುತ್ತಾರೆ, ಅಪ್ಪ ಹೆಸರು ಹಿಡಿದು ಸಾರುತ್ತಾರೆ. ಅದರಲ್ಲಿ ನಿನ್ನ ಹೆಸರೂ ಇರುತ್ತದೆ.

ಇವತ್ತು ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಬಂದೆ. ಉದ್ದನೆಯ ವಾರ್ಡು, ಹಸಿರು ಗೋಡೆ, ಫಿನಾಯಿಲಿನ ವಾಸನೆ. ಎಲ್ಲ ಹಾಸಿಗೆಗಳ ಮೇಲೂ ನಾವು ತೊಳೆದ ಶೀಟುಗಳೇ. ಮೂಲೆಯಲ್ಲಿ ನಮ್ಮ ಕೆಂಪು ದಾರದ ಗುರುತು. ಇಸ್ತ್ರಿಯತ್ತೆ ಎಡಗೈಯಲ್ಲಿ ಶೀಟಿನ ಅಂಚನ್ನು ಎಳೆದು ಎಳೆದು ಸರಿ ಮಾಡುತ್ತಿದ್ದಳು. ನನ್ನನ್ನು ಕಂಡದ್ದೇ, ‘ಇದನ್ನ ಮಡಚಿದ್ಯಾರೇ? ಮೂಲೆಗೆ ಮೂಲೆ ಸೇರಿಲ್ಲ. ನಾನಿಲ್ಲ ಅಂದ್ರೆ ಹಿಂಗೇನಾ?’ ಎಂದಳು. ನನಗೆ ಅಳು ಬಂತು. ‘ಅಳ್ಬೇಡ, ಪಕ್ಕದ ಹಾಸಿಗೆಯವ್ರು ನಾನು ಸತ್ತೆ ಅಂದ್ಕೋತಾರೆ’ ಎಂದು ನಕ್ಕಳು. ಬಲಗೈಯ ಬ್ಯಾಂಡೇಜನ್ನು ದಿಂಬಿನ ಕೆಳಗೆ ಸೇರಿಸಿಕೊಂಡಿದ್ದಳು, ನಾನು ನೋಡಬಾರದೆಂದು. ಚಿಕ್ಕಪ್ಪ ಆಗಲೇ ಹಣ್ಣಿನ ಬುಟ್ಟಿ ಇಟ್ಟು ಹೋಗಿದ್ದಾರೆ. ‘ನಿಮ್ಮ ಚಿಕ್ಕಪ್ಪ ಏನೇನೋ ಹೇಳಿದ್ರು. ನಾನೇ ಕಟ್ಟಿದೆ ಅಂದ್ರೆ ಮನೆ ಉಳಿಯುತ್ತಂತೆ. ಮಗಳಿಗೂ ಒಂದು ದಾರಿ ಆಗುತ್ತಂತೆ’ ಎಂದಳು. ನೀನೇನು ಹೇಳಿದೆ ಎಂದು ಕೇಳಿದೆ. ‘ಏನು ಹೇಳ್ಲಿ? ನೀವೆಲ್ಲ ಸೇರಿ ಒಂದು ಮಾತು ಅಂತ ಮಾಡಿದ್ಮೇಲೆ ನಂದೇನಿದೆ?’ ಎಂದಳು. ಬುಟ್ಟಿಯ ಸುತ್ತ ಸುತ್ತಿದ್ದ ಹೊಳೆಯುವ ಕಾಗದವನ್ನು ಅವಳು ಬಿಚ್ಚಿರಲಿಲ್ಲ. ಒಂದು ಕೈಯಲ್ಲಿ ಬಿಚ್ಚಲು ಬರುತ್ತಿರಲಿಲ್ಲ ಎಂದು ನನಗೆ ಆಮೇಲೆ ಹೊಳೆಯಿತು. ನಾನು ಬಿಚ್ಚಿಕೊಡದೆ ಎದ್ದು ಬಂದಿದ್ದೆ.

ನೀನು ಬರಬೇಕೆಂದು ನಾನು ಬರೆಯುತ್ತಿಲ್ಲ. ಈ ಮನೆಯಿಂದ ಹೊರಗೆ ಕಾಲಿಡಲು ನಿನಗೆ ಎಷ್ಟು ಕಷ್ಟವಾಯಿತು ಎಂದು ನೋಡಿದವಳು ನಾನು. ಹೊಸ ಕೆಲಸದಲ್ಲಿ ರಜೆ ಸಿಗುತ್ತದೋ ಇಲ್ಲವೋ. ಸುದ್ದಿ ಬೇರೆಯವರ ಬಾಯಿಂದ ನಿನಗೆ ತಲುಪಬಾರದು ಎಂದಷ್ಟೇ ಇದನ್ನೆಲ್ಲ ಬರೆದೆ.

ತಲೆನೋವು ಬಂದರೆ ಕಿಟಕಿಗೆ ಪರದೆ ಎಳೆದು ಮಲಗು, ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಬೇಡ. ಅತ್ತೆ ನಿನ್ನನ್ನು ಕೇಳಿದ್ದಾರೆ. ಅಪ್ಪ ಕೇಳುವುದಿಲ್ಲ, ಆದರೆ ಅಂಚೆಯವನ ಸೈಕಲ್ಲು ಬಂದರೆ ಕಿಟಕಿಗೆ ಬರುತ್ತಾರೆ. ನೀನು ಎಲ್ಲೇ ಇದ್ದರೂ ಚೆನ್ನಾಗಿರು, ಅಕ್ಕಾ. ನಗುವುದನ್ನು ಬಿಡಬೇಡ.

ನಿನ್ನ ಚೋಟುದ್ದದ ತಂಗಿ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಅಂಟಿಸಿದ ಲಕೋಟೆಯನ್ನು ಅಂಚೆ ಪೆಟ್ಟಿಗೆಯ ಹತ್ತಿರವೇ ಹರಿದು, ಗೋಡೆಗೆ ಒತ್ತಿ ಹಿಡಿದು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ಶನಿವಾರ ಹದಿನೈದು, ಸಂಜೆ, ಕೊನೆಯ ಲೋಡು ಮುಗಿದ ಮೇಲೆ. ನೀನು ಕೂರಬೇಕಾಗಿಲ್ಲ, ಯಾರ ಜೊತೆಗೂ ಊಟ ಮಾಡಬೇಕಾಗಿಲ್ಲ. ಕೋಣೆಯ ಒಳಗೆ ನಿಂತು ಒಂದೇ ಒಂದು ಸಲ ‘ಬೇಡ’ ಅಂದು ಹಿಂತಿರುಗಿ ಹೋದರೂ ಸಾಕು. ಬೆಳಿಗ್ಗೆ ಆಸ್ಪತ್ರೆಯಲ್ಲಿ ನಾನು ಹೊರಡಲು ಏಳುವಾಗ ಇಸ್ತ್ರಿಯತ್ತೆ ನನ್ನ ಸೆರಗು ಹಿಡಿದು ಇನ್ನೊಂದು ಮಾತು ಕೇಳಿದಳು. ಸ್ಪ್ಯಾನರ್ ಹಿಡಿದು ಯಂತ್ರಗಳ ಮಧ್ಯೆಯೇ ಇರುತ್ತಿದ್ದವಳೆಂದು ಕೆಳಗಿನವರು ನಿನ್ನನ್ನು ಈಗಲೂ ಸ್ಪ್ಯಾನರ್ ಎಂದೇ ಕರೆಯುತ್ತಾರೆ. ‘ಪಟ್ಟಿ ಕಟ್ತೀವಿ ಅಂದಾಗ ನಂಗೆ ಭಯ ಆಯ್ತು ಕಣೇ. ರೋಲರ್ ಮುಂದೆ ನಿಲ್ಲಲ್ಲ ಅಂತ ಹೇಳೋಣ ಅಂತಲೇ ಇದ್ದೆ. ಆಮೇಲೆ ನಿಮ್ಮಪ್ಪ ಮೆಟ್ಟಿಲ ಮೇಲೆ ನಿಂತು ದೊಡ್ಡ ಮಗಳು ಒಪ್ಪಿದ್ದಾಳೆ ಅಂದ್ರು. ಅದನ್ನ ಹಾಕ್ಸಿದ ಸ್ಪ್ಯಾನರ್ರೇ ಕಟ್ಬಹುದು ಅಂದ್ಮೇಲೆ ಏನೂ ಆಗಲ್ಲ ಅಂತ ನಿಂತೆ. ಅವಳು ಯಾಕೆ ಹಾಗಂದ್ಳು?’ ಎಂದು ಕೇಳಿದಳು. ಅಕ್ಕ ಒಪ್ಪಿರಲಿಲ್ಲ, ಅವಳಿಗೆ ಗೊತ್ತೇ ಇರಲಿಲ್ಲ ಎಂದೆ. ಅವಳು ನನ್ನ ಸೆರಗು ಬಿಟ್ಟು, ಶೀಟಿನ ಅಂಚನ್ನು ಮತ್ತೊಮ್ಮೆ ಎಳೆದು ಸರಿ ಮಾಡಿದಳು. ಆಮೇಲೆ, ಬೇಸರವೂ ಇಲ್ಲದ ದನಿಯಲ್ಲಿ, ‘ಹಂಗಾದ್ರೆ ಬಂದು ಹೇಳ್ಬೇಕಿತ್ತಲ್ಲ’ ಎಂದಳು.